ಇಲವಾಲದ ‘ಲ’ ಟ್ರೇಡ್‌ಮಾರ್ಕ್ ಆದ ಬಗೆ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹೂಟಗಳ್ಳಿ ದಾಟಿದರೆ ಇಲವಾಲ. ಈ ಊರಿನ ಹೆಸರನ್ನು ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಕನ್ನಡ ಮಾಯ. ‘ಇ’ ಇದ್ದಲ್ಲಿ ಇಂಗ್ಲಿಷಿನ ಐದನೆಯ ಅಕ್ಷರ. ಎರಡೂ ‘ಲ’ಗಳ ಜಾಗದಲ್ಲಿ ವೃತ್ತದೊಳಗೆ ‘ಆರ್’ ಇರುವ ನೋಂದಾಯಿತ ಟ್ರೇಡ್‌ಮಾರ್ಕ್ ಚಿಹ್ನೆ. ನಡುವಿನ ‘ವಾ’ ಒಡೆದು ಎರಡು ವಿದೇಶಿ ಚಿಹ್ನೆಗಳಾಗಿರುತ್ತದೆ.

ಕಡತ ಕೆಟ್ಟುಹೋಯಿತೆಂದು ಜನ ಕೈಬಿಡುವುದುಂಟು. ಆದರೆ ಅದರೊಳಗೆ ಏನೂ ಕೆಟ್ಟಿರುವುದಿಲ್ಲ. 69, 174, 170, 193, 174 ಎಂಬ ಐದು ಸಂಖ್ಯೆಗಳು ಇಟ್ಟಲ್ಲೇ ಇರುತ್ತವೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಚಿತ್ರ ಎಂಬುದನ್ನು ಹೇಳುವುದು ಫಾಂಟ್.

ಒಂದು ಬೈಟಿನಲ್ಲಿ ಇರುವುದೇ 256 ಮನೆಗಳು. ಅವನ್ನು ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಭಾಷೆಗಳು ಆಗಲೇ ತುಂಬಿದ್ದವು. ಕನ್ನಡದ ಫಾಂಟ್ ತಯಾರಕರು ಆ ಮನೆಗಳಲ್ಲೇ ನಮ್ಮ ಚಿತ್ರಗಳನ್ನು ಕೂರಿಸಿದರು. ಅವೆಲ್ಲ ಪೂರ್ಣ ಅಕ್ಷರಗಳೂ ಅಲ್ಲ, ಹಲವು ಅಚ್ಚುಮೊಳೆಗಳಂಥ ತುಂಡುಗಳು: 170ರಲ್ಲಿ ‘ವ’ದ ಒಡಲು, 192ರಲ್ಲಿ ತಲೆಕಟ್ಟು, 193ರಲ್ಲಿ ದೀರ್ಘದ ಇಳಿ. ತಲೆಕಟ್ಟು ಬೇರೆಯಾಗಿ ಬೇಡದ ‘ಲ’ಕ್ಕೆ 174 ಒಂದೇ ಸಾಕು. ಬೇರೆ ದಾರಿ ಇಲ್ಲದ ಕಾಲದಲ್ಲಿ ಕನ್ನಡದ ಪತ್ರ, ಪುಸ್ತಕ, ಮದುವೆ ಕರೆಯೋಲೆಗಳನ್ನೆಲ್ಲ ಕಂಪ್ಯೂಟರಿಗೆ ತಂದದ್ದು ಈ ಉಪಾಯವೇ. ಅದು ದೊಡ್ಡ ಕೆಲಸ.

ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಈ ಮನೆ ಹಂಚಿಕೆಯ ಜಗಳವನ್ನೇ ಬಿಡಿಸಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಜಾಗ ಸಿಕ್ಕಿತು. ಈಗ ‘ಲ’ ಎಂದರೆ ಎಲ್ಲೆಡೆಯೂ 3250. ಟ್ರೇಡ್‌ಮಾರ್ಕ್ ತನ್ನ 174ರಲ್ಲೇ ಇದೆ.

ಆದರೆ ಯುನಿಕೋಡ್ ಉಳಿಸಿಕೊಳ್ಳುವುದು ಅಕ್ಷರಗಳ ಅನುಕ್ರಮವನ್ನಷ್ಟೆ. ‘ಹೂಟಗಳ್ಳಿ’ಯನ್ನೇ ನೋಡಿ. ಕೊನೆಯ ‘ಳ್ಳಿ’ ಕಣ್ಣಿಗೆ ಒಂದೇ ಅಕ್ಷರ, ಕಡತದಲ್ಲಿ ನಾಲ್ಕು ಸಂಕೇತ: ಳ, ಹಲಂತ ಚಿಹ್ನೆ (್), ಮತ್ತೊಂದು ಳ, ಗುಡಿಸು. ಗುಡಿಸು ಬರುವುದು ಎರಡನೆಯ ‘ಳ’ದ ನಂತರ, ತೆರೆಯ ಮೇಲೆ ಅದು ಅಂಟಿಕೊಳ್ಳುವುದು ಮೊದಲನೆಯದಕ್ಕೆ, ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ಈ ಅದಲುಬದಲನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುವುದು ಹಾರ್ಫ್‌ಬಜ್‌ನಂಥ ತಂತ್ರಾಂಶ ಮತ್ತು ಫಾಂಟಿನೊಳಗಿನ ನಿಯಮಗಳು. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ 2001ರಲ್ಲಿ ಬಂದ ಮೇಲೆ ಇದು ಮನೆಮನೆಯ ಕಂಪ್ಯೂಟರಿಗೂ ಸಾಧ್ಯವಾಯಿತು.

ಕಣ್ಣಿಗೇ ಕಾಣದ ಚಿಹ್ನೆಯೂ ಒಂದಿದೆ, 8204. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದ ಮೇಲೆ ಅದು ಇರಲೇಬೇಕು. ಬಿಟ್ಟರೆ ‘ಕು’ವಿನ ‘ಕ’ ಒತ್ತಾಗಿ ‘ಜ’ದ ಅಡಿ ಸೇರಿ, ‘ರಾಜ್ಕುಮಾರ್’ ಆಗುತ್ತದೆ.

ಹಳೆಯ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಈಗ ಉಚಿತವಾಗಿಯೇ ಸಿಗುತ್ತವೆ. ಅವು 174 ಕಂಡಲ್ಲೆಲ್ಲ 3250 ಬರೆಯುತ್ತವೆ. ತೊಡಕು ಇರುವುದೂ ಅಲ್ಲೇ: ಪುಟದ ನಡುವೆ ನಿಜವಾದ ಟ್ರೇಡ್‌ಮಾರ್ಕ್ ಇದ್ದರೆ ಅದೂ ‘ಲ’ ಆಗುತ್ತದೆ, ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹಾಗಾಗಿ ಯಾವ ಸಾಲು ಯಾವ ಫಾಂಟಿನಲ್ಲಿತ್ತು ಎಂಬ ಗುರುತು ಅಳಿಯುವ ಮೊದಲೇ, ಮೂಲ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ಪರಿವರ್ತನೆ ಮುಗಿಸಬೇಕು.