ಕಜ್ಜಿಗೆ ಗಂಧಕ: ಎಷ್ಟು? ಎಲ್ಲಿಯವರೆಗೆ?

ಕಜ್ಜಿಗೆ ಗಂಧಕವನ್ನು ಹಚ್ಚುವುದು ನಮ್ಮ ಹಿರಿಯರಿಂದ ಬಂದ ರೂಢಿ. ಚರ್ಮವನ್ನು ಕೊರೆದು ವಾಸಿಸುವ ಸೂಕ್ಷ್ಮವಾದ ನುಸಿಯೇ ಈ ರೋಗಕ್ಕೆ ಕಾರಣವೆಂದು 1687ರಲ್ಲಿ ಇಟಲಿಯ ಬೊನೊಮೊ ತೋರಿಸಿಕೊಟ್ಟನು. ಗಂಧಕವು ನೀರಿನಲ್ಲಿ ಕರಗದು. ಆದರೆ ಚರ್ಮದ ಸಂಪರ್ಕದಿಂದ ಹೈಡ್ರೊಜನ್ ಸಲ್ಫೈಡ್ ಮೊದಲಾದ ಸಂಯುಕ್ತಗಳಾಗಿ ಮಾರ್ಪಟ್ಟು ನುಸಿಯನ್ನು ಕೊಲ್ಲುವುದೆಂದು ತಿಳಿಯಲಾಗಿದೆ. ಕೊಳೆತ ಮೊಟ್ಟೆಯ ವಾಸನೆ ಇದರದೇ.

ಮುಲಾಮಿನ 100 ಭಾಗದಲ್ಲಿ 5ರಿಂದ 10 ಭಾಗ ಗಂಧಕವಿದ್ದರೆ ಸಾಕು. ಕೊರಳಿನಿಂದ ಅಂಗಾಲಿನವರೆಗೆ ಸತತವಾಗಿ ಮೂರು ರಾತ್ರಿ, ಮನೆಯವರೆಲ್ಲರೂ ಏಕಕಾಲದಲ್ಲಿ ಲೇಪಿಸಿಕೊಳ್ಳಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು.

ನುಸಿ ಸತ್ತ ಮೇಲೂ ತುರಿಕೆಯು ಕೆಲವು ವಾರ ಉಳಿಯುವುದುಂಟು. ಔಷಧ ಸಾಲದೆಂದು ಭಾವಿಸಿ ನಾವು ಮತ್ತೆ ಮತ್ತೆ ಹಚ್ಚಿದರೆ ಚರ್ಮವು ಒಣಗಿ, ಉರಿದು, ತುರಿಕೆಯೇ ಹೆಚ್ಚುವುದು. ತಿಂಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.