ವಿಜ್ಞಾನಿಗಳ ಮಾತು ನಮ್ಮ ಮೊಬೈಲ್‌ಗೂ ಬರಲಿ

2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾಯಿತು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ ಹಾಕುವುದು ಅದರ ಉದ್ದೇಶ. ಆದರೆ ಈ ಚುಚ್ಚುಮದ್ದಿನಿಂದ ಮಕ್ಕಳಿಗೆ ಹಾನಿ, ಮುಂದೆ ಸಂತಾನವಾಗದು ಎಂಬಂಥ ವದಂತಿಗಳು ವಾಟ್ಸಾಪ್‌ನಲ್ಲಿ ಹಲವೆಡೆ ಹರಿದಾಡಿದವು. ತಂದೆ-ತಾಯಂದಿರು ಹಿಂಜರಿದರು.

ನಿಜ ಸಂಗತಿ ಇದಕ್ಕೆ ತೀರಾ ವಿರುದ್ಧ. ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ತಗುಲಿದರೆ ಗರ್ಭಪಾತವಾಗಬಹುದು. ಹುಟ್ಟುವ ಮಗುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ಅದನ್ನು ತಡೆಯಲೆಂದೇ ಈ ಲಸಿಕೆ. ರುಬೆಲ್ಲಾಕ್ಕೂ ಶಿಶುಗಳ ಕಣ್ಣಿನ ಪೊರೆಗೂ ಇರುವ ನಂಟನ್ನು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲೇ ತಿಳಿಸಿದ್ದರು. ಅಷ್ಟು ಹಳೆಯ ಸತ್ಯ ಪುಸ್ತಕದಲ್ಲೇ ಉಳಿಯಿತು. ನಿನ್ನೆ ಮೊನ್ನೆಯ ಸುಳ್ಳು ಮನೆಮನೆ ತಲುಪಿತು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಮ್ಮ ಮನೆಗಳಲ್ಲಿ ಇಂಗ್ಲಿಷ್ ಸಂಶೋಧನಾ ಪತ್ರಿಕೆ ಓದುವವರು ಎಷ್ಟು ಮಂದಿ? ಕುಟುಂಬದ ಗ್ರೂಪನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಆದ್ದರಿಂದ ವಿಜ್ಞಾನಿಗಳೂ ವೈದ್ಯರೂ ಅಲ್ಲಿಗೇ ಬರಬೇಕು. ಕೋವಿಡ್ ಕಾಲದಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. 2020ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವು ಸೇರಿ ‘ಕೋವಿಡ್ ಜ್ಞಾನ್’ ಆರಂಭಿಸಿ, ಹಲವು ಭಾರತೀಯ ಭಾಷೆಗಳಲ್ಲಿ ಮಾಹಿತಿ ಕೊಟ್ಟವು.

ವಿಜ್ಞಾನಿಗಳು ಗಮನಿಸಬೇಕಾದ ಸಂಗತಿಗಳು:

• ಒಂದು ಸಂದೇಶದಲ್ಲಿ ಒಂದೇ ವಿಷಯ ಇರಲಿ. ಓದು ಬಾರದ ದಾದಿಮಾ ಕೂಡ ಕೇಳುವಂತೆ ಕನ್ನಡದಲ್ಲೂ ದಖನಿಯಲ್ಲೂ ಎರಡು ನಿಮಿಷದ ಧ್ವನಿ ಸಂದೇಶ ಕಳಿಸಬಹುದು.

• ಹೆಸರು, ಸಂಸ್ಥೆ, ದಿನಾಂಕ ತಪ್ಪದೆ ಹೇಳಬೇಕು.

• ಇಲಿಗಳ ಮೇಲೆ ಮಾಡಿದ ಪರೀಕ್ಷೆಯನ್ನು ಇಲಿಗಳ ಮೇಲಿನದು ಎಂದೇ ಹೇಳಬೇಕು. ಯುನಾನಿ ವೈದ್ಯರಾದ ನಮಗೂ ಈ ಮಾತು ಅನ್ವಯಿಸುತ್ತದೆ. ಕಲೋಂಜಿಯ ಗುಣ ಹೇಳುವಾಗ, ಅದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಾರದು ಎಂಬುದನ್ನೂ ಹೇಳಲೇಬೇಕು.

• ವದಂತಿ ಹಬ್ಬಿದ ಮೇಲಲ್ಲ, ಅಭಿಯಾನಕ್ಕೆ ಮೊದಲೇ ಮಾತಾಡಬೇಕು. ಕೇಳುವವರನ್ನು ಹೀಯಾಳಿಸಬಾರದು. ಮಗುವಿನ ಬಗ್ಗೆ ತಾಯಿ ಹೆದರುವುದು ಸಹಜ.

ಮನೆಯವರು ಮಾಡಬೇಕಾದದ್ದು:

• ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಅನೇಕ ಕೈ ದಾಟಿ ಬಂದದ್ದು. ಹೇಳಿದವರು ಯಾರೆಂದು ತಿಳಿಯದಿದ್ದರೆ ಮುಂದಕ್ಕೆ ಕಳಿಸಬೇಡಿ.

• ‘ಹತ್ತು ಜನರಿಗೆ ಕಳಿಸಿ’, ‘ಡಾಕ್ಟರರು ಮುಚ್ಚಿಟ್ಟ ಗುಟ್ಟು’ ಎಂದಿದ್ದರೆ ಸಂಶಯಪಡಿ.

• ಅನುಮಾನ ಬಂದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ. ಸಿಕ್ಕ ಉತ್ತರವನ್ನು ಅದೇ ಗ್ರೂಪಿಗೆ ಹಾಕಿ.

ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರಕಾರಿ ಕೇಂದ್ರಗಳಲ್ಲಿ ಉಚಿತ. ನಿಮ್ಮ ಮಗುವಿನ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಿ.