ಹಿತ್ತಲ ಗಾಳಿ, ಮಾಳಿಗೆಯ ಗಾಳಿ

ಚಳ್ಳಕೆರೆ ಸೀಮೆಯ ಕುದಾಪುರದ ಕಡೆ ಬೇಸಿಗೆಯಲ್ಲಿ ಹಿತ್ತಲಿನ ಬದನೆ ಗಿಡ ಬೆಳಿಗ್ಗೆ ನೀರು ಕುಡಿದು ಮಧ್ಯಾಹ್ನಕ್ಕೆ ಎಲೆ ಜೋಲಿಸಿ ನಿಲ್ಲುತ್ತದೆ. ಅದೇ ಹೊತ್ತಿಗೆ ಮಾಳಿಗೆ ಮೇಲೆ ಹರವಿದ ಗೋರಿಕಾಯಿ ಸುರುಟಿಕೊಳ್ಳುತ್ತಿರುತ್ತದೆ. ಎರಡೂ ಒಣಗಾಳಿಯದೇ ಕೆಲಸ. ಕೆಳಗೆ ಅದನ್ನು ತಡೆಯಬೇಕು, ಮೇಲೆ ಅದನ್ನು ದುಡಿಸಿಕೊಳ್ಳಬೇಕು.

ಮೊದಲು ಹಿತ್ತಲು. ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮಳೆ 500 ಮಿಲಿಮೀಟರ್ ಮುಟ್ಟುವುದೇ ಕಷ್ಟ. ಆದರೂ 100 ಚದರ ಮೀಟರ್ ಮಾಳಿಗೆಗೆ 450 ಮಿಲಿಮೀಟರ್ ಮಳೆ ಬಿದ್ದರೆ 45,000 ಲೀಟರ್ ನೀರಾಯಿತು. ಐದರಲ್ಲೊಂದು ಪಾಲು ಪೋಲಾದರೂ ಕೈತೋಟಕ್ಕೆ ಅದು ದೊಡ್ಡ ಗಂಟು. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ಹೀರೆ, ಸೋರೆ ಹಾಕಿ. ಮಣ್ಣು ಒಣಗಿದಷ್ಟೇ ನೀರು ಮಡಕೆಯಿಂದ ಒಸರುತ್ತದೆ. ಬುಡಕ್ಕೆ ಮುಚ್ಚಿಗೆ ಬೇಕೇಬೇಕು. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಶೇಂಗಾ ಸಿಪ್ಪೆಗೇನು ಬರ? ನಾಲ್ಕು ಬೆರಳು ದಪ್ಪ ಹರಡಿದರೆ ಸಾಕು. ಮಧ್ಯಾಹ್ನ ಬಾಡಿದ ಗಿಡ ಕಂಡು ಕೊಡ ಎತ್ತಿಕೊಂಡು ಓಡಬೇಡಿ. ಬೆರಳು ಊರಿ ನೋಡಿ; ಒಳಗೆ ತೇವವಿದ್ದರೆ ಸಂಜೆಗೆ ಎಲೆ ತಾನೇ ನೆಟ್ಟಗಾಗುತ್ತದೆ.

ಈಗ ಮಾಳಿಗೆಗೆ ಹತ್ತೋಣ. ನನಗೆ ಪ್ರಿಯವಾದ ಪಾಠ ಅಲ್ಲಿದೆ.

ಬಿಸಿಲೇ ಒಣಗಿಸುತ್ತದೆ ಎಂದು ಎಲ್ಲರೂ ನಂಬಿದ್ದೇವೆ. ಒಣಗಿಸುವುದು ಗಾಳಿ, ಬಿಸಿಲು ಅದರ ಹಸಿವು ಹೆಚ್ಚಿಸುತ್ತದೆ, ಅಷ್ಟೇ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ. ತೇವ ತುಂಬಿದ ಕರಾವಳಿಯ ಗಾಳಿಗೆ ಹೊಟ್ಟೆಯಲ್ಲಿ ಜಾಗ ಕಡಿಮೆ. ನಮ್ಮ ಬೇಸಿಗೆಯ ಗಾಳಿ ಹಸಿದೇ ಬರುತ್ತದೆ. ಹಾಗಾಗಿಯೇ ನುಗ್ಗೆ ಸೊಪ್ಪನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಒಣಗಿಸಬಹುದು. ಬಿಸಿಲಿಗೆ ಹಾಕಿದರೆ ವಿಟಮಿನ್ ಎ ಕೊಡುವ ಕ್ಯಾರೊಟಿನ್ ಹಾಳಾಗುತ್ತದೆ.

ಬಾಳಕದ ಮೆಣಸಿನಕಾಯಿ ನೋಡಿ. ಹಸಿ ಕಾಯಿಯ ತೂಕದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ನೀರು. ಮೇಲಿನ ಸಿಪ್ಪೆ ಮೇಣ ಸವರಿದ ಹಾಗೆ, ನೀರನ್ನು ಸುಲಭಕ್ಕೆ ಬಿಡದು. ಅದಕ್ಕೇ ಅಜ್ಜಿಯಂದಿರು ಕಾಯಿ ಸೀಳುತ್ತಾರೆ. ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತಾರೆ. ಒಣಗಿದ್ದನ್ನು ಮತ್ತೆ ಯಾಕೆ ನೆನೆಸಬೇಕು ಎಂದು ಕೇಳದವರಿಲ್ಲ. ಒಂದೇ ಸಮ ಸುಡುಬಿಸಿಲಿಗೆ ಬಿದ್ದ ಕಾಯಿಯ ಹೊರಮೈ ಗಟ್ಟಿಯಾಗಿ ಒಳಗಿನ ನೀರಿಗೆ ಬಾಗಿಲು ಮುಚ್ಚುತ್ತದೆ. ರಾತ್ರಿ ನೆನೆದರೆ ಹೊರಮೈ ಮತ್ತೆ ಮೆತ್ತಗಾಗುತ್ತದೆ, ಉಪ್ಪೂ ಹುಳಿಯೂ ತಿರುಳಿಗೆ ಇಳಿಯುತ್ತವೆ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯೆಲ್ಲ ಕಾಯಿಯೊಳಗೆ ಸೇರಿರುತ್ತದೆ. ಎಂಥ ಚೊಕ್ಕ ಲೆಕ್ಕಾಚಾರ!

ಉಪ್ಪಿನ ಕೆಲಸ ಇನ್ನೂ ಸೊಗಸು. ಅದು ನೀರನ್ನು ಹೊರಗೆ ಸೆಳೆಯುತ್ತದೆ, ಉಳಿದ ನೀರನ್ನು ತನಗೇ ಕಟ್ಟಿಹಾಕಿಕೊಳ್ಳುತ್ತದೆ. ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರನ್ನು ವಿಜ್ಞಾನಿಗಳು ಒಂದು ಅಳತೆಯಿಂದ ಹೇಳುತ್ತಾರೆ. ಶುದ್ಧ ನೀರಿಗೆ ಅದು 1. ಆಹಾರ ಕೊಳೆಸುವ ಹೆಚ್ಚಿನ ಬ್ಯಾಕ್ಟೀರಿಯಾ 0.91ರ ಕೆಳಗೆ ಬೆಳೆಯುವುದಿಲ್ಲ. ಬೂಸ್ಟು ಹಟಮಾರಿ, ಇನ್ನೂ ಕೆಳಗಿಳಿದರೂ ಬದುಕುತ್ತದೆ. 0.6 ದಾಟಿ ಇಳಿದರೆ ಅದಕ್ಕೂ ನೀರು ದಕ್ಕದು.

ಗಲಗಲ ಸದ್ದು ಬಂದರೆ ಒಣಗಿತು ಎಂಬುದನ್ನು ನಂಬಬೇಡಿ. ಆರಿದ ಕಾಯಿಯನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಒಂದು ದಿನ ಬಿಡಿ. ಗೋಡೆಗೆ ಹನಿ ಕಟ್ಟಿದರೆ ಮತ್ತೆ ಮಾಳಿಗೆಗೆ ಹಾಕಿ. ಬಿಸಿಯಿರುವಾಗಲೇ ತುಂಬಿದರೂ ಹನಿ ಕಟ್ಟುತ್ತದೆ, ಅದಕ್ಕೆ ಆರಲೇಬೇಕು.

ಶೇಂಗಾ ವಿಷಯದಲ್ಲಿ ಮಾತ್ರ ರಾಜಿಯೇ ಬೇಡ. ಸರಿಯಾಗಿ ಒಣಗದ ಬೀಜಕ್ಕೆ ಹಿಡಿಯುವ ಒಂದು ಬಗೆಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿಗೆ ಕೇಡು ಮಾಡುವ ವಿಷ ಬಿಡುತ್ತದೆ. ತೊಳೆದು ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಬೂಸ್ಟು ಹಿಡಿದದ್ದನ್ನು ದನಕ್ಕೂ ಹಾಕಬೇಡಿ. ಹಾಲಿನಲ್ಲಿ ಅದು ನಿಮ್ಮ ಮನೆಗೇ ಮರಳಿ ಬರುತ್ತದೆ.

ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವಿದೆ, ಅಲ್ಲಿ ಶಾಲಾ ಕಾಲೇಜು ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ತರಬೇತಿ ಮುಗಿಸಿ ಊರಿಗೆ ಮರಳುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕೈಗೆ ತಕ್ಕಡಿ ಕೊಡಿ. ಒಂದು ಕಿಲೋ ಸೀಳಿದ ಮೆಣಸಿನಕಾಯಿ ಬಿಸಿಲಲ್ಲಿ, ಒಂದು ಕಿಲೋ ನೆರಳಲ್ಲಿ, ಒಂದು ಕಿಲೋ ಗಾಳಿಯಾಡದ ಕೋಣೆಯಲ್ಲಿ ಇಡಿಸಿ, ದಿನಾ ಸಂಜೆ ತೂಗಿಸಿ ಬರೆಸಿ. ಶಿವರಾತ್ರಿ ಕಳೆದ ಮೇಲೆ ಒಮ್ಮೆ, ಮಳೆ ಸುರಿಸದೆ ಮೋಡ ಓಡುವ ಆಷಾಢದ ಗಾಳಿಯಲ್ಲಿ ಇನ್ನೊಮ್ಮೆ.